ಸೆರೆಜಾಲಿನಲ್ಲಿ ಇಲ್ಲದ ಓಣಿ

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಇತಿಹಾಸದಿಂದಲೋ, ಭೂಗೋಳದಿಂದಲೋ? "ಪೋರ್ಚುಗಲ್ಲಿನ ಬೆಟ್ಟಗಳ ನಡುವೆ ಸೆರೆಜಾಲ್ ಎಂಬ ಪುಟ್ಟ ಪ್ಯಾರಿಷ್" ಅಂತ ಬರೆದೆ. ಅಯ್ಯೋ, ಶಾಲೆಯ ಪಾಠ ಆಯ್ತು. ಹೊಡೆದು ಹಾಕಿದೆ.

೧. (ಎರಡನೇ ಸಲ)

ಮಲೇಷ್ಯಾದ ಪುಚೊಂಗಿನ ಒಂದು ಆಫೀಸಿನ ಏಳನೇ ಮಹಡಿಯಲ್ಲಿ ಕೂತು ಹಿನಾ ಸೆರೆಜಾಲಿನ ನಕ್ಷೆ ಬಿಡಿಸುತ್ತಾಳೆ. ಅವಳ ಊರು ಗಂಗೊಳ್ಳಿ, ಪೋರ್ಚುಗಲ್ ಕಂಡವಳಲ್ಲ. ಆದರೂ ಅಲ್ಲಿನ ಇಗರ್ಜಿ, ಹೊಳೆ, ನಿಂತುಹೋದ ಎರಡು ನೀರಿನ ಗಿರಣಿ, ನೂರಾ ಹದಿನೇಳು ಜನ, ಎಲ್ಲ ಬಾಯಿಪಾಠ. ಸರಕಾರ ಸೆರೆಜಾಲನ್ನು ಪಕ್ಕದೂರಿಗೆ ಸೇರಿಸಿ ಹನ್ನೆರಡು ವರ್ಷ ಆಗಿತ್ತು, ಈಗ ಮತ್ತೆ ಬೇರೆ ಮಾಡಿದೆ. ಹಾಗಾಗಿ ಒಂದೊಂದು ಓಣಿಯನ್ನೂ ಅಲ್ಲಿನ ಪಂಚಾಯಿತಿಯವರು ನೋಡಿ ಒಪ್ಪಬೇಕು. ಅವರು ಇಲ್ಲ ಅಂದರೆ ಓಣಿ ಹೋದಂತೆ.

ಅಲ್ಲೇ ಇರೋದು ಪೇಚು.

೨. ನಕ್ಷೆ ಕದಿಯುವವರನ್ನು ಹಿಡಿಯಲು ಎಲ್ಲಾದರೂ ಒಂದು ಇಲ್ಲದ ಓಣಿ ಹಾಕಿಡುವುದು ಈ ಕಸುಬಿನ ಹಳೇ ಚಾಳಿ; ಬೇರೆಯವರ ನಕ್ಷೆಯಲ್ಲೂ ಅದೇ ಓಣಿ ಕಂಡರೆ ಕದ್ದದ್ದು ಅಂತ ಗೊತ್ತಾಗುತ್ತದೆ. ಮೂರು ವರ್ಷದ ಹಿಂದೆ ಹಿನಾ ಗಿರಣಿಯ ಹಿಂದೆ ಅಂಥದ್ದೊಂದು ಎಳೆದಿದ್ದಳು. ಸುಫಿಯಾ ಓಣಿ. ಹೆಣ್ಣಾದರೆ ಇಡೋಣ ಅಂತ ಅವಳೂ ಗಂಡ ಮುಯೀನನೂ ಆರಿಸಿಟ್ಟಿದ್ದ ಹೆಸರು ಅದು. ಬಸಿರಿನ ಮೂರನೇ ತಿಂಗಳಲ್ಲೇ ಹೋಗಿಬಿಟ್ಟಿತು ಮಗು. ಮಣ್ಣು ಮಾಡಲು ಏನೂ ಇರಲಿಲ್ಲ, ಹೋಗಿ ನಿಲ್ಲಲು ಒಂದು ಜಾಗವೂ ಇರಲಿಲ್ಲ. ಆಮೇಲೆ ಮನೆಯಲ್ಲಿ ಇಬ್ಬರೂ ಆ ಹೆಸರು ಎತ್ತಿಲ್ಲ.

(ಇಲ್ಲಿ ನಾನು ಹಿನಾಳ ಕಣ್ಣಲ್ಲಿ ನೀರು ತರಿಸಿದೆ. "ಅಳೋದೆಲ್ಲ ಬೇಡ ಲಾ, ಆಫೀಸಲ್ಲಿದೀನಿ," ಅಂದಳು. ಒರೆಸಿದೆ.)

ಮಧ್ಯಾಹ್ನ ಎಲ್ಲರೂ ಮಾಮಕ್ ಅಂಗಡಿಗೆ ಊಟಕ್ಕೆ ಹೋದಾಗ ಅವಳು ತನ್ನ ಓಣಿಗೆ ಹೋಗುತ್ತಾಳೆ. ಸ್ಕ್ರೀನಿನ ಮೇಲೆ ನಕ್ಷೆ ಹಿಗ್ಗಿಸುತ್ತಾ ಹಿಗ್ಗಿಸುತ್ತಾ ಹೊಳೆಯ ಸದ್ದು ಹತ್ತಿರ ಬರುತ್ತದೆ. ಚೆರ್ರಿ ಮರದ ಹೂವು ಚಪ್ಪಲಿಗೆ ಅಂಟುತ್ತದೆ. ಮುಂದೆ ಯಾರೋ ಪುಟ್ಟ ಪುಟ್ಟ ಹೆಜ್ಜೆ ಹಾಕಿಕೊಂಡು ಹೋಗುತ್ತಿರುತ್ತಾರೆ, ತಿರುಗಿ ನೋಡುವುದಿಲ್ಲ. ಹಿನಾಗೆ ಅಷ್ಟೇ ಸಾಕು.

೩. ಟೀಮ್ ಲೀಡ್ ಪ್ರಜ್ವಲ ಬಂದ. "ಹಿನಾ, ಅಲ್ಲಿಂದ ಲಿಸ್ಟ್ ಬಂದಿದೆ ನೋಡಿ. ಇಲ್ಲ ಅಂದಿದ್ದನ್ನೆಲ್ಲ ಡಿಲೀಟ್ ಮಾಡ್ಬಿಡಿ. ಐದಕ್ಕೆ ಫೈಲ್ ಲಾಕ್ ಆಗ್ಬೇಕು."

ಮುಗಿಯುವ ಬಗೆ ಒಂದು: ಅವಳು ಅಳಿಸುತ್ತಾಳೆ. (ಥೂ, ನನಗೇ ತಡೆಯಲಾಗಲಿಲ್ಲ.)

ಬಗೆ ಎರಡು: ಸೆರೆಜಾಲಿನವರು ನಕ್ಷೆ ನೋಡಿ ಅಲ್ಲೊಂದು ನಿಜವಾದ ಓಣಿ ಕಡಿಯುತ್ತಾರೆ. ("ಅಲ್ಲಿ ಅರ್ಧ ಜನ ಮುದುಕರು. ಗುದ್ದಲಿ ಹಿಡಿಯೋರು ಯಾರು ಸಾರ್?" ಅಂದಳು ಹಿನಾ. ಸರಿ, ಬಿಟ್ಟೆ.)

ಕೊನೆಗೆ ಆದದ್ದು ಇಷ್ಟು. ಎಲ್ಲ ಓಣಿಗಳ ಮುಂದೂ ಪಂಚಾಯಿತಿಯ ಗುಮಾಸ್ತೆ ಸರಿಯೋ ತಪ್ಪೋ ಗುರುತು ಹಾಕಿದ್ದಳು. ಸುಫಿಯಾ ಓಣಿಯ ಮುಂದೆ ಎರಡೂ ಇರಲಿಲ್ಲ. ಒಂದು ಸಾಲಿತ್ತು: "ಇದು ನಮಗೆ ಗೊತ್ತಿಲ್ಲ. ಸುಫಿಯಾ ಯಾರು?"

ಮೂರು ವರ್ಷದಲ್ಲಿ ಹಾಗೆ ಕೇಳಿದವರು ಒಬ್ಬರೂ ಇರಲಿಲ್ಲ. ಆ ಸಾಲಿನ ಪಕ್ಕ ಉತ್ತರ ಬರೆಯುವ ಜಾಗ ಖಾಲಿ ಇತ್ತು. ಹಿನಾ ಮುಯೀನನಿಗೆ ಫೋನ್ ಮಾಡಿ ಆ ಸಾಲು ಓದಿದಳು. ಅವನು, "ಹೇಳು ಅವರಿಗೆ, ಹಿನಾ. ಯಾರು ಅಂತ ಹೇಳು," ಅಂದ.

ಉತ್ತರ ನನ್ನ ಹತ್ತಿರ ರೆಡಿ ಇತ್ತು. ಚಂದದ್ದು, ಕಥೆಗೆ ಗಂಟು ಹಾಕಿ ಮುಗಿಸುವಂಥದ್ದು. ಬರೆಯಲು ಹೋದೆ. ಅವಳು ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡಳು.

"ಇದನ್ನ ನಾನೇ ಬರೀತೀನಿ," ಅಂದಳು. "ನೀವು ಏಳಿ ಸಾರ್."

ಎದ್ದು ಹೊರಗೆ ಬಂದೆ. ಐದು ಹೊಡೆದು ಹೋಗಿತ್ತು. ಅವಳು ಟೈಪ್ ಮಾಡುವ ಸದ್ದು ಲಿಫ್ಟಿನವರೆಗೂ ಕೇಳಿಸುತ್ತಿತ್ತು.