ಹೇರ್‌ಪಿನ್ನಿನ ಕೊಕ್ಕೆ

ನಾಲಿಗೆಯ ಮೇಲೆ ಲೋಹದ ರುಚಿ, ಅರ ಉಜ್ಜಿದ ಬೆರಳು ಮತ್ತೆ ಬಾಯಿಗೆ ಹೋಗಿದೆ, ಹೆಂಡತಿ ಇದ್ದಿದ್ದರೆ ಥೂ, ಕೈ ತೊಳ್ಕೊಳ್ಳಿ, ಎಂಜಿನ್ ತಿಂದು ಹೊಟ್ಟೆ ತುಂಬಿಸ್ಕೋತೀರಾ ಅನ್ನುತ್ತಿದ್ದಳು, ಅವನು ಬೆರಳನ್ನು ಅಂಗಿಗೆ ಒರೆಸಿಕೊಳ್ಳುತ್ತಾನೆ, ಅಂಗಿಗೆ ಒರೆಸಿದ್ದಕ್ಕೂ ಬೈಗುಳ ಬರಬೇಕಿತ್ತು, ಬರಲಿಲ್ಲ, ಪಕ್ಕದ ಕೋಣೆಯಿಂದ ಈಗ ಏನೂ ಬರುವುದಿಲ್ಲ — ಅಂಗೈಯಲ್ಲಿ ಹೊಸ ಫ್ರೇಮ್, ಹೊಸ ಮೋಟಾರು, ಹೊಸ ಗಾಲಿ, ಅದರ ಮೇಲೆ ಹಳೆಯ ಆಟಿಕೆ ಎಂಜಿನ್ನಿನ ಹಸಿರು ಬಾಡಿಯನ್ನು ಇಟ್ಟರೆ ಕೂರುತ್ತದೆ, ಆದರೆ ಕೂರಬೇಕಾದಷ್ಟು ಕೂರುವುದಿಲ್ಲ, ಸಾಲ ಕೇಳಲು ಬಂದ ನೆಂಟ ಕುರ್ಚಿಯ ತುದಿಯಲ್ಲಿ ಕೂತ ಹಾಗೆ, ಒಂದು ಅಕ್ಕಿಕಾಳಿನಷ್ಟು ಮೇಲೆಯೇ ನಿಲ್ಲುತ್ತದೆ, ಚಿಮಣಿ ಗೋಡೆಯ ತೂತಿಗೆ ತಗಲುತ್ತದೆ. ಚಿಮಣಿನ ಒಂಚೂರು ಕತ್ತರಿಸಿ ಬಿಸಾಕಯ್ಯ ಅಂದಿದ್ದ ಸಿಗ್ನಲ್, ಅದು ಅಡ್ಡಹೆಸರು, ಇವನಂತೆಯೇ ಆಟದ ರೈಲಿನ ಹುಚ್ಚು ಹಿಡಿದ ಗೆಳೆಯ, ಬಾಯಿ ತೆರೆಯುವ ಮೊದಲು ಕೈ ಎತ್ತುವವನು — ಹಳೆಯದಕ್ಕೆ ಗರಗಸ ಇಡಬೇಡಿ, ಹೊಸದನ್ನು ಉಜ್ಜಿ, ಹೊಸದು ಅಂಗಡಿಯಲ್ಲಿ ಮತ್ತೆ ಸಿಗುತ್ತದೆ ಅಂತ ಊರಿಗೆಲ್ಲ ಪಾಠ ಹೇಳಿದವನೇ ಈಗ ಉಲ್ಟಾ ಹೊಡೆಯುತ್ತಾನೆ, ಬೇರೆಯವರ ಚಿಮಣಿ ಅಂದರೆ ಅಷ್ಟೇ ಸಸಾರ. ಅವನು ಫ್ರೇಮಿನ ಹೆಗಲನ್ನು ಉಜ್ಜುತ್ತಾನೆ, ಊದುತ್ತಾನೆ, ಬಾಡಿ ಇಟ್ಟು ನೋಡುತ್ತಾನೆ, ಮತ್ತೆ ಉಜ್ಜುತ್ತಾನೆ.

ತಪ್ಪು ಚಿಮಣಿಯದಲ್ಲ, ಗೋಡೆಯ ತೂತಿನದು, ಅಂದರೆ ತೂತು ಕೊರೆದವನದು, ಅವಳು ಹಾಸಿಗೆ ಹಿಡಿದ ಹೊಸತರಲ್ಲಿ ಈ ಕೆಲಸದ ಕೋಣೆಯಿಂದ ಅವಳ ಕೋಣೆಗೆ ಹಳಿ ಹಾಕುತ್ತೇನೆ ಅಂತ ಹೊರಟಾಗ ಯಾರಾದರೂ ಬುದ್ಧಿ ಇದ್ದವರು ಎರಡು ಬೆರಳು ಹೆಚ್ಚಿಗೆ ಕೊರೆಯುತ್ತಿದ್ದರು, ಇವನು ಎಂಜಿನ್ನಿನ ನೆತ್ತಿಗೆ ಪೆನ್ಸಿಲ್ ಇಟ್ಟು ಗೀಟು ಎಳೆದು ಅಷ್ಟೇ ಕೊರೆದ, ನಾಜೂಕು ನೋಡು ಅಂತ ಬೀಗಿದ, ಅವಳು ದಿಂಬಿಗೊರಗಿ ನೋಡಿ, ಇಲಿ ಬರೋಕೆ ಇಷ್ಟು ಚೆಂದದ ಬಾಗಿಲಾ ರೀ ಅಂದಳು. ಇಲಿ ಬರಲಿಲ್ಲ, ಎಂಜಿನ್ ಹೋಯಿತು, ಹಿಮ್ಮುಖವಾಗಿ, ಗಾಡಿಯನ್ನು ಮುಂದೆ ದಬ್ಬಿಕೊಂಡು, ಗಾಡಿಯಲ್ಲಿ ಮಾತ್ರೆ, ಕಿತ್ತಳೆಯ ಎರಡು ತೊಳೆ, ಒಮ್ಮೆ ಅವಳ ಕನ್ನಡಕ, ಕೋಣೆಯೊಳಗೆ ಮಂಚದ ಪಕ್ಕ ಹಳಿ ಮುಗಿದಲ್ಲಿ ತಾನಾಗಿ ನಿಲ್ಲುತ್ತಿತ್ತು, ನಿಂತ ಮೇಲೆ ಅದನ್ನು ವಾಪಸ್ ಕಳಿಸುವ ಸ್ವಿಚ್ಚು ಅವಳ ಕಡೆ ಮಾತ್ರ. ನನ್ನ ಕಡೆಗೂ ಒಂದು ಹಾಕಿಬಿಡ್ತೀನಿ ಅಂದಿದ್ದ, ಬೇಡ, ಕಳಿಸೋದು ನೀವು, ವಾಪಸ್ ಕಳಿಸೋದು ನಾನು, ಎಲ್ಲಾ ನೀವೇ ಮಾಡಿದ್ರೆ ಇಲ್ಲಿ ನನಗೇನು ಕೆಲಸ. ಸ್ವಿಚ್ಚಿನ ಕಡ್ಡಿ ಬೆರಳಿಗೆ ಚುಚ್ಚುತ್ತದೆ ಅಂತ ಹಳೇ ಕೋಟಿನದೊಂದು ಕೆಂಪು ಗುಂಡಿಯನ್ನು ಅದರ ನೆತ್ತಿಗೆ ಅಂಟಿಸಿಕೊಂಡಳು, ನಾಲ್ಕು ತೂತಿನ ದೊಡ್ಡ ಗುಂಡಿ, ಅದರ ಮೇಲೆ ಅವಳ ಹೆಬ್ಬೆರಳು, ಒಣಗಿ ತೆಳ್ಳಗಾದ ಹೆಬ್ಬೆರಳು, ಒತ್ತುತ್ತಿದ್ದಳು, ತೂತಿನಿಂದ ಮೊದಲು ಚಿಮಣಿ, ಆಮೇಲೆ ಗಾಡಿ, ಗಾಡಿಯಲ್ಲಿ ಕಿತ್ತಳೆ ಬೀಜ — ತಿಂದಿದ್ದೀನಿ, ಅನುಮಾನ ಬೇಡ ಅನ್ನುವುದಕ್ಕೆ. ಪೂರ್ತಿ ತಿನ್ನುತ್ತಿರಲಿಲ್ಲ, ಬೀಜ ಮಾತ್ರ ತಪ್ಪದೆ ಬರುತ್ತಿತ್ತು. ಅವನಿಗೂ ಗೊತ್ತಿತ್ತು.

ಕೊಕ್ಕೆ ಎಲ್ಲಿ, ಇಲ್ಲಿ, ಡಬ್ಬಿಯ ಮುಚ್ಚಳದಲ್ಲಿ, ಹೊಸ ಫ್ರೇಮಿಗೆ ಅಂಗಡಿಯವರದೇ ಪ್ಲಾಸ್ಟಿಕ್ ಕೊಕ್ಕೆ ಇದೆ, ಆದರೆ ಆ ಕೋಣೆಯಲ್ಲಿರುವ ಗಾಡಿಗೆ ಅದು ಸಿಕ್ಕಿಕೊಳ್ಳುವುದಿಲ್ಲ, ಗಾಡಿಗೆ ಗುರುತು ಇರುವುದು ಈ ಕೊಕ್ಕೆಯದು ಮಾತ್ರ, ಅವಳ ಹೇರ್‌ಪಿನ್ ಬಗ್ಗಿಸಿ ಮಾಡಿದ್ದು, ಬೆಳಗ್ಗೆಯಿಂದ ಹುಡುಕ್ತಿದೀನಿ, ಕಳ್ಳ ಇಲ್ಲೇ ಇದ್ದಾನೆ ಅಂತ ನಕ್ಕಿದ್ದಳು, ಆಮೇಲೆ ಅವಳಿಗೆ ಪಿನ್ ಹಾಕುವಷ್ಟು ಕೂದಲೂ ಉಳಿಯಲಿಲ್ಲ. ಪ್ಲಾಸ್ಟಿಕ್ಕನ್ನು ಕಿತ್ತು, ಹಳೆಯ ಸ್ಕ್ರೂ, ಹಳೆಯ ವಾಷರ್, ಕೊಕ್ಕೆ, ಬಿಗಿದು ಎಳೆದು ನೋಡುತ್ತಾನೆ. ಹಳೆಯ ಮೋಟಾರು ಸುಟ್ಟದ್ದು ತೂತಿನ ನಡುವೆಯೇ, ವಾಸನೆ ಎರಡು ಕೋಣೆಗೂ ಹಬ್ಬಿತ್ತು, ಅವನು ತಂತಿ ಹಾಕಿ ಎಂಜಿನ್ನನ್ನು ಈಚೆಗೆ ಎಳೆದರೆ ಗಾಡಿ ಕಳಚಿಕೊಂಡು ಆ ಕಡೆಗೆ ಜಾರಿ ಮಂಚದ ಪಕ್ಕ ಹೋಗಿ ನಿಂತಿತು, ಎದ್ದು ಹೋಗಿ ತರೋಣ ಅಂದರೆ, ಇರಲಿ ಬಿಡಿ, ಗಾಡಿ ನನ್ನ ಹತ್ರ ಇರಲಿ, ನೀವು ಎಂಜಿನ್ ರಿಪೇರಿ ಮಾಡಿ ಕಳಿಸಿ, ನಾನು ಕಾಯ್ತಿರ್ತೀನಿ. ಆ ಮಾದರಿಯ ಮೋಟಾರು ಈಗ ಬರುವುದಿಲ್ಲ, ಹೊಸ ಫ್ರೇಮೇ ತರಿಸಬೇಕು ಅಂದರು ಅಂಗಡಿಯವರು, ತರಿಸಿದರು, ಬಂತು, ಬಂದಾಗ ಮನೆಯಲ್ಲಿ ಉಳಿದಿದ್ದವನು ಅವನೊಬ್ಬನೇ. ಅವಳು ಹೋದಂದಿನಿಂದ ಅವನು ಈ ಕೋಣೆಯಲ್ಲೇ ಮಲಗುತ್ತಾನೆ, ಅವಳ ಕೋಣೆಯ ಬಾಗಿಲು ಚಿಲಕ ಹಾಕದೆ ಮುಚ್ಚಿದೆ, ಅವನು ತೆರೆದಿಲ್ಲ.

ನಾಳೆ ಮಗಳು ಬರುತ್ತಾಳೆ, ಗಾರೆಯವನನ್ನು ಕರೆದುಕೊಂಡು, ಅಪ್ಪ, ಆ ತೂತು ಮುಚ್ಚಿಸಿ ಬಣ್ಣ ಹೊಡೆಸೋಣ, ಮಂಚ ಯಾರಿಗಾದ್ರೂ ಕೊಡೋಣ, ಹೀಗೆ ಬೆಂಚಿನ ಪಕ್ಕ ಎಷ್ಟು ದಿನ ಮಲಗ್ತೀಯ, ಅವಳು ಹೇಳುವುದರಲ್ಲಿ ತಪ್ಪೇನೂ ಇಲ್ಲ, ಅದಕ್ಕೇ ಆಗಲಿ ಅಂದ. ಹಾಗಾಗಿ ಇವತ್ತೇ. ಉಜ್ಜು, ಊದು, ಇಡು — ಕೂತಿತು, ಹಸಿರು ಬಾಡಿ ಮೆಲ್ಲಗೆ ಕೆಳಗಿಳಿದು ತನ್ನ ಜಾಗದಲ್ಲಿ ಕೂತಿತು, ಅಂಗೈಗೇ ತಿಳಿಯಿತು, ಗೋಡೆಯ ಕಡೆ ತಿರುಗಿ, ಕೂತಿತು ಕಣೇ ಅನ್ನಲು ಬಾಯಿ ತೆರೆದು ಮುಚ್ಚಿಕೊಂಡ, ಈ ಮನೆಯಲ್ಲಿ ಒಳ್ಳೆಯ ಸುದ್ದಿ ಹೇಳಲು ಒಂದು ನರಪಿಳ್ಳೆ ಇಲ್ಲ ಅನ್ನುವುದು ಕೆಟ್ಟ ಸುದ್ದಿಗಿಂತ ಹೆಚ್ಚು ಹಿಂಸೆ. ಹಳಿಯ ಮೇಲೆ ಇಟ್ಟ, ಕರೆಂಟು ಕೊಟ್ಟ, ಹೊಸ ಮೋಟಾರಿಗೆ ಸದ್ದೇ ಇಲ್ಲ, ಹಳೆಯದು ಹಲ್ಲು ಕಡಿಯುತ್ತಾ ಹೋಗುತ್ತಿತ್ತು, ಬಂತು ನೋಡಿ ನಿಮ್ಮ ಮುದುಕ ಅನ್ನುತ್ತಿದ್ದಳು ಒಳಗಿಂದ, ಇದು ಕಳ್ಳಹೆಜ್ಜೆ ಇಟ್ಟು ಹಿಮ್ಮುಖವಾಗಿ ಹೋಗುತ್ತದೆ, ಕೊಕ್ಕೆ ಒಳಗೆ, ಹಿಂಬದಿಯ ಸೂರು ಒಳಗೆ, ಕೊನೆಗೆ ಚಿಮಣಿ, ಒಂದು ಸಣ್ಣ ಕಿರ್, ಸುಣ್ಣ ಉದುರಿತು, ಚಿಮಣಿಯೂ ಒಳಗೆ, ತೂತು ಖಾಲಿ. ನೆಲದ ಮೇಲೆ ಮಂಡಿಯೂರಿ ತೂತಿಗೆ ಕಿವಿ ಕೊಟ್ಟ, ಆ ಕಡೆಯ ಗಾಳಿ ತಣ್ಣಗೆ ಕಿವಿಗೆ ತಾಗಿತು, ಮುಚ್ಚಿಟ್ಟ ಬಟ್ಟೆಯ ವಾಸನೆ, ಔಷಧಿಯ ವಾಸನೆ, ಮತ್ತೆ ಟಿಕ್ ಅಂತ ಒಂದು ಸದ್ದು, ಹೇರ್‌ಪಿನ್ ಗಾಡಿಯನ್ನು ಹಿಡಿಯಿತು, ಇಷ್ಟು ದಿನ ಕಾದಿದ್ದ ಗಾಡಿಯನ್ನು ಮೊದಲ ಸಲಕ್ಕೇ ಹಿಡಿಯಿತು, ರಿಪೇರಿ ಮಾಡಿ ಕಳಿಸಿದೆ ನೋಡು, ಕಳಿಸಿದೆ, ಹಳಿ ಮುಗಿಯಿತು, ತಾನಾಗಿ ನಿಂತಿತು.

ಇನ್ನು ವಾಪಸ್ ಬರಬೇಕು, ಮೊದಲು ಚಿಮಣಿ, ಆಮೇಲೆ ಗಾಡಿ, ಅವನು ಕಿವಿ ತೆಗೆದು ತೂತನ್ನೇ ನೋಡುತ್ತಾನೆ, ಬರುತ್ತದೆ, ಅವಳು ತಿಂದು ಮುಗಿಸುವುದಕ್ಕೆ ಯಾವಾಗಲೂ ಸ್ವಲ್ಪ ಹೊತ್ತು ಬೇಕು, ಎಂಜಿನ್ ಸರಿಯಿದೆ, ಕೊಕ್ಕೆ ಸರಿಯಿದೆ, ಹಳಿ ಸರಿಯಿದೆ, ಒತ್ತಿದರೆ ಬಂದೇ ಬರುತ್ತದೆ, ಒತ್ತಿದರೆ — ಮಂಚದ ಪಕ್ಕ ಕೆಂಪು ಗುಂಡಿ, ಕೋಟಿನದು, ನಾಲ್ಕು ತೂತಿನದು, ಅದರ ಮೇಲೆ ಕೂತ ಧೂಳು, ಕೆಂಪು ಗುಂಡಿ, ಅದರ ಮೇಲೆ ಯಾರ ಬೆರಳೂ