ಕುರ್ಚಿಗೊಂದು ಕೆಂಪು

ಜೆರಾಕ್ಸ್ ಅಂಗಡಿಯವಳ ಹತ್ತಿರ ಕೆಂಪು ಕಾಗದ ಇರಲಿಲ್ಲ. ಬಿಳಿ ಬೇಕಾದಷ್ಟಿತ್ತು. ಮಸಿ ಹತ್ತಿದ ಪ್ರತಿಗಳು, ಓರೆಯಾಗಿ ಬಂದ ಅರ್ಜಿಗಳು, ಯಂತ್ರದ ಹೊಟ್ಟೆಯಲ್ಲಿ ಸಿಕ್ಕಿ ಮುದುಡಿದ ಹಾಳೆಗಳು ದಿನಕ್ಕೊಂದು ಚೀಲ ತುಂಬುತ್ತಿದ್ದವು. ಅವನ್ನೇ ಕತ್ತರಿಸಿ, ಇಸ್ಪೀಟು ಎಲೆಯಷ್ಟಗಲದ ರಟ್ಟಿನ ಮೇಲೆ ಅಂಟಿಸಿ ಅವಳು ಚಿತ್ರ ಮಾಡುತ್ತಿದ್ದಳು.

ಅಂಥ ಕಾರ್ಡು ಮಾಡುವವರು ತಿಂಗಳಿಗೊಂದು ಭಾನುವಾರ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಸೇರುತ್ತಿದ್ದರು. ಎಲ್ಲ ಕಾರ್ಡುಗಳನ್ನೂ ಮೇಜಿನ ಮೇಲೆ ಹರಡಿ, ಚೀಟಿ ಎತ್ತಿ, ಸರದಿಯಂತೆ ಒಬ್ಬೊಬ್ಬರು ಬೇರೆಯವರದೊಂದನ್ನು ಆರಿಸಿಕೊಳ್ಳಬೇಕು. ಮಾರುವಂತಿಲ್ಲ, ಬಣ್ಣ ಬಳಿಯುವಂತಿಲ್ಲ. ಕಾಗದ ತಾನಾಗಿ ಕಸವಾಗಿರಬೇಕು. ಕಾರ್ಡಿಗೋಸ್ಕರ ಕಸ ಮಾಡುವಂತಿಲ್ಲ. ಹೋದ ತಿಂಗಳು ಕೊನೆಗೆ ಉಳಿದದ್ದು ಅವಳ ಕಾರ್ಡೇ. ಕೊನೆಯ ಚೀಟಿ ಬಂದಿದ್ದ ಕ್ಷೌರಿಕ ಬೇರೆ ದಾರಿಯಿಲ್ಲದೆ ಅದನ್ನೆತ್ತಿಕೊಂಡು, "ಏನಮ್ಮಾ ಇದು, ಯಾರೋ ತೀರಿಕೊಂಡ ಸುದ್ದಿ ಇದ್ದ ಹಾಗಿದೆ" ಎಂದಿದ್ದ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಮನೆಗೆ ಬಂದವಳು ಎಷ್ಟೋ ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ಈ ಸಲ ತನ್ನ ಅಂಗಡಿಯ ಎದುರಿಗೇ ಇದ್ದ ಆ ಕ್ಷೌರಿಕನ ಅಂಗಡಿಯನ್ನೇ ಕಾರ್ಡಿನಲ್ಲಿ ಮಾಡಿದಳು. ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಕನ್ನಡಿಯಾಯಿತು. ಅರ್ಜಿಯ ಚೌಕಗಳು ನೆಲವಾದವು. ಮಸಿ ಹತ್ತಿದ ಹಾಳೆಯನ್ನು ಎಳೆ ಎಳೆಯಾಗಿ ಸೀಳಿ ಕೂದಲು ಉದುರಿಸಿದಳು. ಕುರ್ಚಿ ಮಾತ್ರ ಬಾಕಿ. ಅದು ಕೆಂಪು ಕುರ್ಚಿ. ಮನೆಯಲ್ಲಿದ್ದ ಒಂದೇ ಕೆಂಪು ಎಂದರೆ ಟೀ ಪುಡಿಯ ರಟ್ಟಿನ ಪೊಟ್ಟಣ. ಅದರ ಬಾಯಿ ತೆರೆದು ಇನ್ನೂ ಎರಡು ದಿನವಾಗಿತ್ತಷ್ಟೆ.

"ಪುಡೀನ ಡಬ್ಬಕ್ಕೆ ಸುರಿದ್ರೆ ಆಯ್ತಲ್ಲೇ" ಎಂದ ಗಂಡ.

"ಅದು ಮೋಸ. ತಾನಾಗೇ ಮುಗೀಬೇಕು."

"ಯಾರಿಗೆ ಗೊತ್ತಾಗತ್ತೆ?"

"ನನಗೆ ಗೊತ್ತಿರತ್ತಲ್ಲ. ಕುಡೀರಿ."

ಆ ವಾರ ಮನೆಯಲ್ಲಿ ನೀರು ಕೇಳಿದವರಿಗೂ ಟೀ ಸಿಕ್ಕಿತು. ಮಾವನಿಗಂತೂ ಹಬ್ಬ. ಡಾಕ್ಟರು ಎರಡೇ ಲೋಟ ಎಂದಿದ್ದರು. "ಸೊಸೆ ಕೈಯಾರೆ ಕೊಟ್ಟಿದ್ದನ್ನ ಬೇಡ ಅನ್ನೋಕಾಗತ್ತಾ?" ಎಂದು ಮುಖ ಸಪ್ಪಗೆ ಮಾಡಿಕೊಂಡು ಲೋಟ ಚಾಚುತ್ತಿದ್ದರು.

"ನಿಮಗೊಂದು ನೆಪ ಬೇಕಿತ್ತು" ಎಂದರು ಅತ್ತೆ. "ಅವಳಿಗೆ ರಟ್ಟಿನ ಹುಚ್ಚು, ನಿಮಗೆ ಟೀ ಹುಚ್ಚು. ನನಗೆ ನಿದ್ದೆ ಇಲ್ಲ."

ಶನಿವಾರ ಸಂಜೆಗೆ ಪೊಟ್ಟಣದಲ್ಲಿ ಇನ್ನೂ ಕಾಲು ಭಾಗ ಉಳಿದಿತ್ತು. ಗಂಡ ಕೈ ಮುಗಿದ. ಅವಳು ಕುರ್ಚಿಯ ಜಾಗಕ್ಕೆ ಬೂದು ಕಾಗದ ಕತ್ತರಿಸತೊಡಗಿದಳು. ಅತ್ತೆ ಅದನ್ನು ಸ್ವಲ್ಪ ಹೊತ್ತು ನೋಡಿ, ಒಲೆಯ ಮೇಲೆ ಮನೆಯ ಅತಿ ದೊಡ್ಡ ಪಾತ್ರೆ ಇಟ್ಟು, ಪೊಟ್ಟಣವನ್ನು ತಲೆಕೆಳಗು ಮಾಡಿ ಕೊಡವಿದರು. ಆಮೇಲೆ ಬಾಗಿಲು ತೆರೆದು, ಮೆಟ್ಟಿಲ ಗೋಡೆಗೆ ಬಣ್ಣ ಬಳಿಯುತ್ತಿದ್ದವರನ್ನು ಕೂಗಿದರು. "ಬನ್ರಪ್ಪಾ, ಟೀ ಕುಡೀರಿ!"

"ಏನಮ್ಮಾ ವಿಶೇಷ?"

"ಏನಿಲ್ಲ. ಪೊಟ್ಟಣ ಖಾಲಿ ಆಗ್ಬೇಕಿತ್ತು."

"ಇಂಥಾ ಕೆಲಸ ಇದ್ರೆ ದಿನಾ ಹೇಳಿ" ಎಂದು ಒಬ್ಬ ಎರಡನೇ ಲೋಟಕ್ಕೂ ಕೈ ಚಾಚಿದ.

ಅತ್ತೆ ಖಾಲಿ ಪೊಟ್ಟಣವನ್ನು ಕಸದ ಬುಟ್ಟಿಗೆ ಎಸೆದು, "ಈಗ ಎತ್ಕೋ" ಎಂದರು. "ಹೋದ ತಿಂಗಳ ಹಾಗೆ ಮೂತಿ ಊದಿಸ್ಕೊಂಡು ಕೂತ್ರೆ ಅಡುಗೆ ಎಲ್ಲಾ ನನ್ನ ತಲೆ ಮೇಲೆ ಬೀಳತ್ತೆ."

ಭಾನುವಾರ ಮೊದಲ ಚೀಟಿ ಗುಂಪಿನಲ್ಲಿದ್ದ ಒಬ್ಬ ನರ್ಸಿಗೆ ಬಂತು. ಆಕೆ ಮೇಜನ್ನು ಒಂದು ಸುತ್ತು ಬಂದು ಜೆರಾಕ್ಸ್ ಅಂಗಡಿಯವಳ ಕಾರ್ಡನ್ನು ಎತ್ತಿಕೊಂಡಳು. ಕ್ಷೌರಿಕ ಎದ್ದೇಬಿಟ್ಟ.

"ಅದು ನನ್ನ ಕುರ್ಚಿ! ಎಡಗೈ ಬಿರುಕು ಬಿಟ್ಟಿದೆ ನೋಡಿ, ಮೇಲೆ ಟೇಪು ಬೇರೆ. ಇತ್ಲಾಗೆ ಕೊಡಮ್ಮಾ."

"ಚೀಟಿ ನಂದು, ಕಾರ್ಡೂ ನಂದು. ನಿಮಗ್ಯಾಕೆ? ದಿನಾ ಅಸಲೀನೇ ನೋಡ್ತೀರಲ್ಲ."

"ಅಸಲಿ ಇಷ್ಟು ಚೆನ್ನಾಗಿಲ್ಲ ಕಣಮ್ಮಾ."

"ಮನೇಲಿ ತೀರಿಕೊಂಡ ಸುದ್ದಿ ಇದೆಯಲ್ಲ, ಅದನ್ನೇ ನೋಡ್ಕೊಳ್ಳಿ" ಎಂದು ನರ್ಸು ಕಾರ್ಡನ್ನು ಪರ್ಸಿನೊಳಗೆ ಹಾಕಿ ಜಿಪ್ಪು ಎಳೆದಳು. ಕೋಣೆಯೆಲ್ಲ ನಕ್ಕಿತು. ಕ್ಷೌರಿಕ ಇವಳ ಕಡೆ ತಿರುಗಿ, "ನನಗೊಂದು ಬೇರೆ ಮಾಡಿಕೊಡ್ತೀಯಾ?" ಎಂದ.

"ಮಾಡಿ ಮೇಜಿನ ಮೇಲೆ ಇಡ್ತೀನಿ. ಚೀಟಿ ಎತ್ತಿ ನೋಡಿ, ನಿಮ್ಮ ಅದೃಷ್ಟ" ಎಂದಳು. ತನ್ನ ಸರದಿ ಬಂದಾಗ ಕೈಗೆ ಹತ್ತಿರವಿದ್ದುದನ್ನು ಸರಿಯಾಗಿ ನೋಡದೆಯೇ ಎತ್ತಿಕೊಂಡಳು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕೇಳಿದರು. "ಏನಾಯ್ತೇ?"

"ಮೊದಲನೇ ಚೀಟಿಗೇ ಹೋಯ್ತು ಅತ್ತೆ. ಅದಕ್ಕೊಂದು ಜಗಳಾನೂ ಆಯ್ತು!"

"ಸರಿ. ಛತ್ರಿ ಎಲ್ಲಿ?"

ಛತ್ರಿ ಬಸ್ಸಿನಲ್ಲೇ ಉಳಿದಿತ್ತು. ಚೀಲ ತಡಕಿದರೆ ಊಟದ ಡಬ್ಬಿ ಇತ್ತು, ಮುಚ್ಚಳ ಇರಲಿಲ್ಲ. ಆ ಭಾನುವಾರ ಅವಳು ಕಳೆದುಕೊಂಡದ್ದು ಇಷ್ಟು: ಕಾರ್ಡು ಒಂದು, ಛತ್ರಿ ಒಂದು, ಡಬ್ಬಿಯ ಮುಚ್ಚಳ ಒಂದು.