ಚಂಡಮಾರುತ ತಾಗದ ಚಿಕ್ಕಮ್ಮ

ಚಂಡಮಾರುತಕ್ಕೆ ಚಿಕ್ಕಮ್ಮನ ಮನೆಯ ತಗಡಿನ ಸೂರು ಹಾರಿ ಎದುರಿನ ಶಾಲೆಯ ಅಂಗಳಕ್ಕೆ ಬಿತ್ತು. ಆರು ದಿನ ಕರೆಂಟಿಲ್ಲದೆ ಫ್ರಿಜ್ಜಿನಲ್ಲಿದ್ದ ಇನ್ಸುಲಿನ್ ಕೆಟ್ಟು, ಸಕ್ಕರೆ ಕಾಯಿಲೆ ಉಲ್ಬಣಿಸಿ ಅವಳು ಆಸ್ಪತ್ರೆ ಸೇರಬೇಕಾಯಿತು.

ನೋಡಲು ಬಂದ ಅಕ್ಕನ ಮಗ ಸಂಶೋಧಕ. ಚಂಡಮಾರುತ ಜನರ ಆರೋಗ್ಯಕ್ಕೆ ಎಷ್ಟು ಪೆಟ್ಟು ಕೊಟ್ಟಿತೆಂದು ಅಳೆಯುವುದೇ ಅವನ ಕೆಲಸ. ಮಂಚದ ಪಕ್ಕದಲ್ಲೇ ಲ್ಯಾಪ್‌ಟಾಪ್ ತೆರೆದು ಅವಳ ಜಿಲ್ಲೆಯನ್ನು ಹುಡುಕಿದ.

"ಚಿಕ್ಕಮ್ಮ, ನಿಂಗೆ ಚಂಡಮಾರುತ ತಾಗೇ ಇಲ್ಲ!"

"ಏನಂದೆ?"

"ಜಿಲ್ಲೆಯ ನಟ್ಟನಡುವೆ ಗಾಳಿ ಗಂಟೆಗೆ ಅರವತ್ತೊಂದು ಕಿಲೋಮೀಟರ್ ಇತ್ತು. ಅಲ್ಲಿ ಅರವತ್ಮೂರು ದಾಟಿದ್ರೆ ಮಾತ್ರ ಇಡೀ ಜಿಲ್ಲೆಗೆ ತಾಗಿದ ಹಾಗೆ ಅಂತ ನಮ್ಮ ಲೆಕ್ಕ."

"ಆ ನಟ್ಟನಡುವೆ ಯಾರಿದ್ದಾರೋ?"

"ಯಾರೂ ಇಲ್ಲ. ಬರೀ ಕಾಡು."

"ಹಾಗಾದ್ರೆ ನನ್ನ ಸೂರೇನು ಮುನಿಸ್ಕೊಂಡು ತವರಿಗೆ ಹೋಯ್ತಾ?"

ಅವನ ಮುಖ ಸಪ್ಪಗಾಯಿತು. ಮರುದಿನ ಕಚೇರಿಯಲ್ಲಿ, ಊರೂರಿನ ಗಾಳಿಯನ್ನೂ ಕರೆಂಟು ಹೋದ ದಿನಗಳನ್ನೂ ಲೆಕ್ಕಕ್ಕೆ ಸೇರಿಸೋಣ ಎಂದು ಮೇಲಧಿಕಾರಿಯನ್ನು ಕೇಳಿದ.

"ನಿಮ್ಮ ಚಿಕ್ಕಮ್ಮನಿಗೋಸ್ಕರ ವಿಜ್ಞಾನ ಬದಲಾಯಿಸೋಕಾಗುತ್ತೇನ್ರೀ?" ಎಂದರು ಅವರು. ಅವನು ಬಾಲ ಮುದುರಿಕೊಂಡು ತಿರುಗಿ ಬಂದ.

ವರದಿ ಹೊರಬಂತು. ಚಂಡಮಾರುತ ತಾಗದ ಜಿಲ್ಲೆಗಳಲ್ಲೂ ಸಕ್ಕರೆ ಕಾಯಿಲೆಯವರು ತಾಗಿದ ಜಿಲ್ಲೆಗಳಷ್ಟೇ ಸಂಖ್ಯೆಯಲ್ಲಿ ಆಸ್ಪತ್ರೆ ಸೇರಿದ್ದಾರೆ. ಆದ್ದರಿಂದ ಅವರಿಗೆ ಚಂಡಮಾರುತದಿಂದ ಅಪಾಯವಿಲ್ಲ ಎಂದಿತ್ತು. ಆ ತಾಗದ ಜಿಲ್ಲೆಗಳ ಸಂಖ್ಯೆಯಲ್ಲಿ ಚಿಕ್ಕಮ್ಮನೂ ಇದ್ದಳು.